ಎರಡನೇ ಮಹಾಯುದ್ಧದ ವಿಮಾನಗಳನ್ನು ಆಕಾರ ನೋಡಿ ಗುರುತಿಸುವ ಬಗೆ

ದಾವಣಗೆರೆಯ ಹೈಸ್ಕೂಲುಗಳಲ್ಲಿ ಆಗಸ್ಟ್ ತಿಂಗಳಲ್ಲಿ ನಡೆಯುವ ವಸ್ತುಪ್ರದರ್ಶನಗಳಿಗೆ ಹೋದರೆ ಹಿರೋಷಿಮಾದ ಕುರಿತ ಚಾರ್ಟೊಂದು ಆಗಾಗ ಕಣ್ಣಿಗೆ ಬೀಳುತ್ತದೆ. ದಿನಾಂಕ, ಸಮಯ, ಬಾಂಬಿನ ಹೆಸರು ಎಲ್ಲವನ್ನೂ ಮಕ್ಕಳು ಸರಿಯಾಗಿಯೇ ಬರೆದಿರುತ್ತಾರೆ; ಆದರೆ ಪಕ್ಕದಲ್ಲಿ ಅಂಟಿಸಿದ ವಿಮಾನ ಮಾತ್ರ ಹಲವು ಸಲ ಆ ಬಾಂಬು ಹಾಕಿದ ಬಿ-29 ಆಗಿರದೆ ಬಿ-17 ಆಗಿರುತ್ತದೆ. ಎರಡೂ ಬೋಯಿಂಗ್ ಕಂಪನಿಯವು, ಎರಡಕ್ಕೂ ನಾಲ್ಕು ಎಂಜಿನ್, ಎರಡಕ್ಕೂ ಎತ್ತರದ ಒಂಟಿ ಬಾಲ ಇರುವುದರಿಂದ ಈ ಗೊಂದಲ ಸಹಜವೇ. ಆದರೆ ಬಿ-17 ಮೊದಲು ಹಾರಿದ್ದು 1935ರಲ್ಲಿ, ಬಿ-29 ಹಾರಿದ್ದು 1942ರಲ್ಲಿ; ಒಂದರ ರೆಕ್ಕೆಯ ಹರವು, ಅಂದರೆ ತುದಿಯಿಂದ ತುದಿಗೆ ಅಳತೆ, 31.6 ಮೀಟರ್, ಇನ್ನೊಂದರದು 43 ಮೀಟರ್. ಬಿ-17ರಲ್ಲಿ ಪೈಲಟ್‌ಗಳ ಕಾಕ್‌ಪಿಟ್ ಮೂತಿಗಿಂತ ಮೇಲಕ್ಕೆ ಎದ್ದು ನಿಂತಿದ್ದರೆ, ಬಿ-29ರಲ್ಲಿ ಅಂಥ ಏರುಪೇರೇ ಇಲ್ಲದೆ ಇಡೀ ಮೂತಿ ಗಾಜಿನಲ್ಲಿ ದುಂಡಗೆ ಮುಗಿಯುತ್ತದೆ. ಇಷ್ಟು ಗೊತ್ತಿದ್ದರೆ ಈ ಎರಡು ವಿಮಾನಗಳ ನಡುವೆ ಮತ್ತೆ ತಪ್ಪಾಗುವುದಿಲ್ಲ.

ಇಂಥ ಗುರುತುಗಳನ್ನು ಕಣ್ಣಿಗೆ ಹೇಗೆ ಒಗ್ಗಿಸಿಕೊಳ್ಳಬೇಕು, ಅದಕ್ಕಾಗಿ ಮನೆಯಲ್ಲಿ ಅಥವಾ ಶಾಲೆಯಲ್ಲಿ ಕಡಿಮೆ ಖರ್ಚಿನಲ್ಲಿ ಏನೇನು ತಯಾರಿಸಿಕೊಳ್ಳಬಹುದು ಎಂಬುದನ್ನು ಇಲ್ಲಿ ವಿವರಿಸುತ್ತೇನೆ. ಚರಿತ್ರೆ ಕಲಿಸುವ ಮೇಷ್ಟರು, ಪ್ರದರ್ಶನಕ್ಕೆ ಸಿದ್ಧವಾಗುವ ವಿದ್ಯಾರ್ಥಿಗಳು, ಹಳೆಯ ಫೋಟೋಗಳಲ್ಲಿ ಆಸಕ್ತಿ ಇರುವವರು ಇದನ್ನು ಬಳಸಿಕೊಳ್ಳಬಹುದು. ನಾನು ಒತ್ತಿ ಹೇಳುವುದು ಒಂದೇ: ಹೆಸರನ್ನು ಉರುಹೊಡೆಯುವ ಬದಲು ಆಕಾರವನ್ನು ನೋಡಿ, ಆ ಆಕಾರ ಹಾಗೇಕಿದೆ ಎಂದು ಕೇಳಿ. ಯುದ್ಧಕಾಲದ ವಿಮಾನದಲ್ಲಿ ಸುಮ್ಮನೆ ಅಂದಕ್ಕಾಗಿ ಮಾಡಿದ ಭಾಗ ತೀರ ಕಡಿಮೆ. ಕಾರಣ ತಿಳಿದ ಮೇಲೆ ಗುರುತು ತಾನಾಗಿ ನೆನಪಿನಲ್ಲಿ ಉಳಿಯುತ್ತದೆ.

ಬಣ್ಣ, ಚಿಹ್ನೆಗಳನ್ನು ಕೊನೆಗೆ ನೋಡಿ

ಹೊಸಬರ ಕಣ್ಣು ಮೊದಲು ಹೋಗುವುದು ರೆಕ್ಕೆಯ ಮೇಲಿನ ವೃತ್ತ, ನಕ್ಷತ್ರ, ಶಿಲುಬೆಗಳ ಕಡೆಗೆ. ಅವು ವಿಮಾನ ಯಾವ ದೇಶದ್ದೆಂದು ಹೇಳುತ್ತವೆಯೇ ಹೊರತು ಯಾವ ವಿಮಾನವೆಂದು ಹೇಳುವುದಿಲ್ಲ. ಬ್ರಿಟಿಷರ ವೃತ್ತದ ನಡುವೆ ಕೆಂಪು ಚುಕ್ಕೆ ಇರುತ್ತದೆ ಎಂದು ನೆನಪಿಟ್ಟುಕೊಂಡವರು ಬರ್ಮಾ ರಣರಂಗದ ಫೋಟೋ ನೋಡಿದಾಗ ತಬ್ಬಿಬ್ಬಾಗುತ್ತಾರೆ, ಏಕೆಂದರೆ ಜಪಾನಿನ ಕೆಂಪು ಸೂರ್ಯನೆಂದು ತಿಳಿದು ತಮ್ಮವರೇ ಗುಂಡು ಹಾರಿಸಿಬಿಟ್ಟಾರೆಂಬ ಭಯದಿಂದ ಭಾರತ ಮತ್ತು ಬರ್ಮಾ ಭಾಗದ ವಿಮಾನಗಳಲ್ಲಿ ಆ ಕೆಂಪನ್ನು ಅಳಿಸಿ, ಕಡುನೀಲಿ ವೃತ್ತದ ನಡುವೆ ತಿಳಿನೀಲಿಯನ್ನು ಬಳಿಯಲಾಯಿತು. ಅಮೆರಿಕನ್ನರೂ ಇದೇ ಕಾರಣಕ್ಕೆ 1942ರ ಮೇ ತಿಂಗಳಲ್ಲಿ ತಮ್ಮ ಬಿಳಿ ನಕ್ಷತ್ರದ ನಡುವಿನ ಕೆಂಪು ಬೊಟ್ಟನ್ನು ತೆಗೆದುಹಾಕಿದರು.

ಗುರುತು ತಪ್ಪುವುದರಿಂದ ಆಗುವ ಅನಾಹುತಕ್ಕೆ ಇಟಲಿಯ ಸಿಸಿಲಿ ದ್ವೀಪದ ಘಟನೆ ಸಾಕು. 1943ರ ಜುಲೈ 11ರ ರಾತ್ರಿ ಅಮೆರಿಕದ ಸೈನಿಕರನ್ನು ಹೊತ್ತು ಬರುತ್ತಿದ್ದ ಸಿ-47 ಸಾಗಣೆ ವಿಮಾನಗಳ ಮೇಲೆ ಅವರದೇ ಹಡಗುಗಳೂ ದಡದ ತೋಪುಗಳೂ ಗುಂಡಿನ ಮಳೆಗರೆದು 23 ವಿಮಾನಗಳು ನಾಶವಾದವು. ಮರುವರ್ಷ ಜೂನ್‌ನಲ್ಲಿ ನಾರ್ಮಂಡಿಯ ದಡಕ್ಕೆ ಸೇನೆ ಇಳಿಯುವಾಗ ಮಿತ್ರರಾಷ್ಟ್ರಗಳ ವಿಮಾನಗಳ ರೆಕ್ಕೆಗೂ ಒಡಲಿಗೂ ಕಪ್ಪು-ಬಿಳಿ ಪಟ್ಟೆಗಳನ್ನು ಬಳಿದದ್ದು ಅದೇ ಪಾಠ ಕಲಿತದ್ದರಿಂದ. ಫೋಟೋದಲ್ಲಿ ಆ ಪಟ್ಟೆಗಳು ಕಂಡರೆ ಚಿತ್ರ 1944ರ ಜೂನ್ ಅಥವಾ ಅದರ ನಂತರದ್ದೆಂದು ಹೇಳಬಹುದು. ವಿಮಾನ ಯಾವುದೆಂದು ಹೇಳಲು ಅವು ನೆರವಾಗುವುದಿಲ್ಲ. ಇನ್ನು ಈಚೆಗೆ ಕಂಪ್ಯೂಟರಿನಲ್ಲಿ ಬಣ್ಣ ತುಂಬಿದ ಹಳೆಯ ಚಿತ್ರಗಳಲ್ಲಿ ಕಾಣುವ ಬಣ್ಣವಂತೂ ತುಂಬಿದವರ ಊಹೆ.

ನೋಡುವ ಕ್ರಮ

ಯುದ್ಧಕಾಲದಲ್ಲಿ ಬ್ರಿಟಿಷರೂ ಅಮೆರಿಕನ್ನರೂ ತಮ್ಮ ಕಾವಲುಗಾರರಿಗೆ ಕಲಿಸಿದ ಕ್ರಮ ಸರಳವಾದದ್ದು: ಮೊದಲು ರೆಕ್ಕೆ, ಆಮೇಲೆ ಎಂಜಿನ್, ಆಮೇಲೆ ಒಡಲು, ಕೊನೆಗೆ ಬಾಲ. ಈ ಅನುಕ್ರಮವನ್ನು ಬದಲಿಸದೆ ಇಟ್ಟುಕೊಂಡರೆ ಯಾವ ಚಿತ್ರ ಬಂದರೂ ಎಲ್ಲಿಂದ ಆರಂಭಿಸಬೇಕೆಂಬ ತಡಕಾಟ ಇರುವುದಿಲ್ಲ.

ರೆಕ್ಕೆಯಲ್ಲಿ ಮೂರು ಸಂಗತಿಗಳನ್ನು ಗಮನಿಸಬೇಕು. ಅದು ಒಡಲಿನ ಕೆಳಭಾಗಕ್ಕೆ ಸೇರಿದೆಯೇ, ನಡುವಿಗೆ ಸೇರಿದೆಯೇ, ಮೇಲ್ಭಾಗಕ್ಕೆ ಸೇರಿದೆಯೇ. ಮೇಲಿಂದ ನೋಡಿದಾಗ ಅಂಚುಗಳು ನೇರವಾಗಿವೆಯೇ, ಬಾಗಿವೆಯೇ, ತುದಿ ದುಂಡಗಿದೆಯೇ, ಕತ್ತರಿಸಿದಂತಿದೆಯೇ. ಎದುರಿನಿಂದ ನೋಡಿದಾಗ ರೆಕ್ಕೆ ಸಮತಲವಾಗಿದೆಯೇ, ತುದಿಯ ಕಡೆಗೆ ಮೇಲೇರಿದೆಯೇ, ಅಥವಾ ನಡುವೆ ಮುರಿದಂತೆ ತಗ್ಗಿ ಮತ್ತೆ ಏರಿದೆಯೇ. ಎಂಜಿನ್ ವಿಷಯದಲ್ಲಿ ಎಷ್ಟಿವೆ ಎಂಬುದರ ಜೊತೆಗೆ ಯಾವ ಬಗೆಯವು ಎಂಬುದೂ ಮುಖ್ಯ. ಸಿಲಿಂಡರುಗಳನ್ನು ಪ್ರೊಪೆಲರ್ ಹಿಂದೆ ಸುತ್ತಲೂ ಜೋಡಿಸಿ ಗಾಳಿಯಿಂದಲೇ ತಂಪು ಮಾಡುವ ಎಂಜಿನ್ ಇದ್ದರೆ ಮೂತಿ ದಪ್ಪಗೆ, ದುಂಡಗೆ, ಎದುರಿಗೆ ಬಾಯಿ ತೆರೆದುಕೊಂಡಿರುತ್ತದೆ. ಸಿಲಿಂಡರುಗಳನ್ನು ಸಾಲಾಗಿ ಜೋಡಿಸಿ ದ್ರವದಿಂದ ತಂಪು ಮಾಡುವ ಎಂಜಿನ್ ಇದ್ದರೆ ಮೂತಿ ಸಣ್ಣಗೆ, ಚೂಪಾಗಿರುತ್ತದೆ, ಆದರೆ ರೇಡಿಯೇಟರ್ ಎಲ್ಲಾದರೂ ಹೊರಗೆ ಕಾಣಿಸಿಕೊಳ್ಳಲೇಬೇಕಾಗುತ್ತದೆ. ಆ ರೇಡಿಯೇಟರ್ ಎಲ್ಲಿದೆ ಎಂದು ಹುಡುಕುವುದನ್ನು ಅಭ್ಯಾಸ ಮಾಡಿಕೊಂಡವರಿಗೆ ಫೈಟರ್‌ಗಳಲ್ಲಿ ಅರ್ಧ ಕೆಲಸ ಮುಗಿದಂತೆ.

ಒಡಲಿನಲ್ಲಿ ಕಾಕ್‌ಪಿಟ್ ಎಷ್ಟು ಮುಂದಿದೆ, ಎಷ್ಟು ಹಿಂದಿದೆ ಎಂದೂ, ಬಾಲದಲ್ಲಿ ನಿಂತ ಪಟ್ಟಿ ಒಂದೋ ಎರಡೋ ಎಂದೂ ನೋಡಿದರೆ ಸಾಕು.

ಈ ನೋಟಕ್ಕೆ ಕಣ್ಣು ಪಳಗಿಸಲು ವಿಮಾನವೇ ಬೇಕೆಂದಿಲ್ಲ. ಚಿತ್ರದುರ್ಗದ ಕೋಟೆಯ ಮೇಲ್ಭಾಗದ ಬಂಡೆಗಳ ಮೇಲೆ ಸಂಜೆ ಹೊತ್ತು ಕುಳಿತರೆ ಹದ್ದುಗಳು ತಲೆಯ ಮೇಲೆ ಮಾತ್ರವಲ್ಲ, ಕಣ್ಣಿನ ಮಟ್ಟದಲ್ಲೂ ಅದಕ್ಕಿಂತ ಕೆಳಗೂ ತೇಲುತ್ತವೆ. ಒಂದೇ ಹಕ್ಕಿ ಎದುರಿನಿಂದ, ಪಕ್ಕದಿಂದ, ಮೇಲಿನಿಂದ ಹೇಗೆ ಮೂರು ಬೇರೆ ಆಕಾರಗಳಾಗಿ ಕಾಣುತ್ತದೆಂಬುದು ಅಲ್ಲಿ ತಿಳಿದಷ್ಟು ಚೆನ್ನಾಗಿ ಪುಸ್ತಕದಲ್ಲಿ ತಿಳಿಯುವುದಿಲ್ಲ. ಸಾಮಾನ್ಯ ಹದ್ದಿನ ಬಾಲ ನಡುವೆ ಸೀಳಿದಂತಿರುತ್ತದೆ, ಗರುಡನ ಬಾಲ ದುಂಡಗಿರುತ್ತದೆ. ಬಣ್ಣ ಕಾಣದಷ್ಟು ಎತ್ತರದಲ್ಲಿದ್ದಾಗಲೂ ಬಾಲದಿಂದ ಎರಡನ್ನೂ ಬೇರ್ಪಡಿಸಬಲ್ಲ ಮಗು ಬ್ರಿಟಿಷರ ಜೋಡಿ ಬಾಲದ ಬಾಂಬರ್ ಲ್ಯಾಂಕಾಸ್ಟರ್ ಮತ್ತು ಒಂಟಿ ಬಾಲದ ಬಿ-17ನ್ನು ಬೇರ್ಪಡಿಸಲು ಹೆಚ್ಚು ಸಮಯ ತೆಗೆದುಕೊಳ್ಳುವುದಿಲ್ಲ.

ಫೈಟರ್‌ಗಳು: ಜೋಡಿ ಜೋಡಿಯಾಗಿ ಕಲಿಯಿರಿ

ಒಂದೊಂದೇ ವಿಮಾನವನ್ನು ಪ್ರತ್ಯೇಕವಾಗಿ ಕಲಿತರೆ ಪ್ರಯೋಜನ ಕಡಿಮೆ. ಗೊಂದಲ ಹುಟ್ಟಿಸುವ ಎರಡನ್ನು ಅಕ್ಕಪಕ್ಕ ಇಟ್ಟುಕೊಂಡು ಕಲಿಯಬೇಕು.

ಮೊದಲ ಜೋಡಿ ಸ್ಪಿಟ್‌ಫೈರ್ ಮತ್ತು ಹರಿಕೇನ್. ಎರಡೂ ಬ್ರಿಟಿಷ್, ಎರಡಕ್ಕೂ ರೋಲ್ಸ್ ರಾಯ್ಸ್ ಮರ್ಲಿನ್ ಎಂಜಿನ್. ಹರಿಕೇನ್ 1935ರ ನವೆಂಬರ್‌ನಲ್ಲಿ, ಸ್ಪಿಟ್‌ಫೈರ್ 1936ರ ಮಾರ್ಚ್‌ನಲ್ಲಿ ಮೊದಲು ಹಾರಿದವು. ಸ್ಪಿಟ್‌ಫೈರ್‌ನ ರೆಕ್ಕೆಯ ಮುಂದಿನ ಅಂಚೂ ಹಿಂದಿನ ಅಂಚೂ ಬಾಗಿ ಬಂದು ತುದಿಯಲ್ಲಿ ಸೇರುವ ಅಂಡಾಕಾರ ಎಲ್ಲರಿಗೂ ಗೊತ್ತು. ತೆಳುವಾದ ರೆಕ್ಕೆಯೊಳಗೇ ಬಂದೂಕುಗಳನ್ನೂ ಮಡಿಚಿದ ಚಕ್ರಗಳನ್ನೂ ಅಡಗಿಸಲು ಬುಡದಿಂದ ಬಹುದೂರದವರೆಗೆ ಅಗಲ ಬೇಕಾಗಿತ್ತು; ಜೊತೆಗೆ ಗಾಳಿಯ ಎಳೆತವನ್ನೂ ಕಡಿಮೆ ಮಾಡುವ ಆಕಾರ ಅದು. ಆದರೆ ಅಂಡಾಕಾರವನ್ನು ಮಾತ್ರ ನಂಬಿದರೆ ಮೋಸ ಹೋಗುವ ಸಂಭವವಿದೆ, ಏಕೆಂದರೆ ಕೆಳಮಟ್ಟದಲ್ಲಿ ಬೇಗ ಹೊರಳಲೆಂದು ಕೆಲವು ಸ್ಪಿಟ್‌ಫೈರ್‌ಗಳ ರೆಕ್ಕೆಯ ತುದಿಗಳನ್ನು ಚೌಕಾಕಾರಕ್ಕೆ ಮೊಟಕು ಮಾಡಿದ್ದರು. ಆಗ ರೆಕ್ಕೆಯ ಕೆಳಗೆ ನೋಡಬೇಕು: ಸ್ಪಿಟ್‌ಫೈರ್‌ನ ರೇಡಿಯೇಟರ್ ರೆಕ್ಕೆಯಡಿಯಲ್ಲಿದೆ, ಅದೂ ಆರಂಭದ ಮಾದರಿಗಳಲ್ಲಿ ಬಲರೆಕ್ಕೆಯಡಿ ದೊಡ್ಡದೊಂದು, ಎಡರೆಕ್ಕೆಯಡಿ ಎಣ್ಣೆ ತಂಪು ಮಾಡುವ ಸಣ್ಣದೊಂದು ಎಂಬ ಅಸಮ ಜೋಡಿ, ಮಾರ್ಕ್ 9 ಎಂಬ ಮುಂದಿನ ಮಾದರಿಯ ಹೊತ್ತಿಗೆ ಎರಡೂ ಕಡೆ ಸಮನಾದವು. ಹರಿಕೇನ್‌ನ ರೇಡಿಯೇಟರ್ ಹೊಟ್ಟೆಯ ನಡುವೆ ಒಂದೇ ಒಂದು. ಬೆನ್ನು ಗೂನಾಗಿದ್ದು, ಒಡಲಿನ ಹಿಂಭಾಗಕ್ಕೆ ಬಟ್ಟೆ ಹೊದಿಸಿರುವುದರಿಂದ ಹತ್ತಿರದ ಫೋಟೋದಲ್ಲಿ ಒಳಗಿನ ಪಟ್ಟಿಗಳ ಉದ್ದುದ್ದ ಗೀರುಗಳು ಬಟ್ಟೆಯ ಮೇಲೆ ಎದ್ದು ಕಾಣುತ್ತವೆ. ಹೆಸರು ಗಳಿಸಿದ್ದು ಸ್ಪಿಟ್‌ಫೈರ್ ಆದರೂ 1940ರ ಬ್ರಿಟನ್ ಕಾಳಗದಲ್ಲಿ ಹೆಚ್ಚು ಜರ್ಮನ್ ವಿಮಾನಗಳನ್ನು ಕೆಡವಿದ್ದು ಹರಿಕೇನ್. ನಮ್ಮ ಅರ್ಜನ್ ಸಿಂಗ್ ಅವರು 1944ರಲ್ಲಿ ಇಂಫಾಲದ ಮೇಲೆ ಭಾರತೀಯ ವಾಯುಪಡೆಯ ಒಂದನೇ ಸ್ಕ್ವಾಡ್ರನ್ ಮುನ್ನಡೆಸಿದ್ದೂ ಹರಿಕೇನ್‌ಗಳಲ್ಲಿಯೇ. ನಮ್ಮ ಮಕ್ಕಳ ಚಾರ್ಟುಗಳಲ್ಲಿ ಅದಕ್ಕೆ ಇನ್ನಷ್ಟು ಜಾಗ ಸಿಗಬೇಕೆಂಬುದು ನನ್ನ ಅಭಿಪ್ರಾಯ.

ಸ್ಪಿಟ್‌ಫೈರ್‌ನ ಎದುರಾಳಿ ಮೆಸ್ಸರ್‌ಸ್ಮಿಟ್ 109. ಇದನ್ನು ಗುರುತಿಸುವ ಅತ್ಯಂತ ಖಚಿತವಾದ ಜಾಗ ಮೂತಿಯ ಪಕ್ಕ. ಜರ್ಮನ್ನರು ಎಂಜಿನ್ ಅನ್ನು ತಲೆಕೆಳಗಾಗಿ, ಅಂದರೆ ಸಿಲಿಂಡರುಗಳು ಕೆಳಮುಖವಾಗುವಂತೆ ಕೂರಿಸಿದ್ದರಿಂದ ಹೊಗೆ ಉಗುಳುವ ಕೊಳವೆಗಳ ಸಾಲು ಮೂತಿಯ ಕೆಳಭಾಗದಲ್ಲಿದೆ. ಸ್ಪಿಟ್‌ಫೈರ್‌ನಲ್ಲಿ ಅದೇ ಸಾಲು ಮೂತಿಯ ಮೇಲ್ಭಾಗದಲ್ಲಿದೆ. ಇದರ ಜೊತೆಗೆ 109ರ ಮೂತಿಯ ಎಡಬದಿಯಲ್ಲಿ ಎಂಜಿನ್‌ಗೆ ಗಾಳಿ ಎಳೆದುಕೊಳ್ಳುವ ಗಿಡ್ಡ ಕೊಳವೆಯೊಂದು ಹೊರಚಾಚಿರುತ್ತದೆ. ಕಾಕ್‌ಪಿಟ್‌ನ ಗಾಜು ದಪ್ಪ ಚೌಕಟ್ಟುಗಳ, ಮೂಲೆ ಮೂಲೆಯ ಪೆಟ್ಟಿಗೆ. ರೆಕ್ಕೆಯ ಹರವು ಸುಮಾರು 9.9 ಮೀಟರ್ ಮಾತ್ರ, ಸ್ಪಿಟ್‌ಫೈರ್‌ನದು 11.2 ಮೀಟರ್. ಒಟ್ಟು ಮೂವತ್ತು ಸಾವಿರಕ್ಕೂ ಹೆಚ್ಚು ತಯಾರಾದದ್ದರಿಂದ ಯುರೋಪಿನ ಯುದ್ಧದ ಯಾವ ಫೋಟೋ ಸಂಗ್ರಹದಲ್ಲೂ ಇದು ಸಿಗುತ್ತದೆ.

ಅಮೆರಿಕದ ಮಸ್ಟ್ಯಾಂಗ್ ಯುರೋಪಿಗೆ ಬಂದ ಹೊಸದರಲ್ಲಿ ಅದನ್ನು 109 ಎಂದು ತಿಳಿದು ಸ್ವಪಕ್ಷದವರೇ ಹೊಡೆಯುವ ಅಪಾಯವಿದ್ದುದರಿಂದ ಅದರ ಮೂತಿ, ರೆಕ್ಕೆ, ಬಾಲಗಳಿಗೆ ಬಿಳಿ ಪಟ್ಟಿ ಬಳಿಯಬೇಕಾಯಿತು. ನೇರ ಅಂಚಿನ ರೆಕ್ಕೆ, ಚೂಪು ಮೂತಿ ಎರಡರಲ್ಲೂ ಒಂದೇ. ವ್ಯತ್ಯಾಸ ಇರುವುದು ಹೊಟ್ಟೆಯಲ್ಲಿ: ಮಸ್ಟ್ಯಾಂಗ್‌ನ ರೇಡಿಯೇಟರ್ ಪೈಲಟ್‌ನ ಆಸನದ ಕೆಳಗೆ ಹಾಗೂ ಹಿಂದೆ ದೊಡ್ಡ ಗಾಳಿಬಾಯಿಯಾಗಿ ಜೋತುಬಿದ್ದಿದೆ. ಅಲ್ಲಿ ಕಾದ ಗಾಳಿ ಹಿಂದಿನಿಂದ ರಭಸವಾಗಿ ಹೊರಹೋಗುವಾಗ ವಿಮಾನವನ್ನು ಸ್ವಲ್ಪ ಮುಂದಕ್ಕೂ ತಳ್ಳುವಂತೆ ಅದನ್ನು ರೂಪಿಸಿದ್ದರು. ಈ ಮಿತವ್ಯಯಕ್ಕೆ ರೆಕ್ಕೆಯಡಿಯ ಹೆಚ್ಚುವರಿ ಇಂಧನ ಟ್ಯಾಂಕುಗಳೂ ಸೇರಿ, ಇಂಗ್ಲೆಂಡಿನಿಂದ ಬರ್ಲಿನ್‌ವರೆಗೆ ಬಾಂಬರ್‌ಗಳ ಕಾವಲಿಗೆ ಹೋಗಿಬರುವುದು 1944ರಲ್ಲಿ ಸಾಧ್ಯವಾಯಿತು.

ದುಂಡು ಮೂತಿಯ ಗುಂಪಿನಲ್ಲಿ ಜರ್ಮನಿಯ ಫೋಕೆ-ವುಲ್ಫ್ 190, ಅಮೆರಿಕದ ಥಂಡರ್‌ಬೋಲ್ಟ್, ಜಪಾನಿನ ಝೀರೋ ಮುಖ್ಯ. 1941ರಲ್ಲಿ ಫೋಕೆ-ವುಲ್ಫ್ ಮೊದಲು ಕಾಣಿಸಿಕೊಂಡಾಗ ಪೈಲಟ್‌ಗಳು ತಂದ ವರದಿಯನ್ನು ಬ್ರಿಟಿಷ್ ಅಧಿಕಾರಿಗಳು ನಂಬದೆ, ಫ್ರೆಂಚರಿಂದ ಜರ್ಮನ್ನರು ವಶಪಡಿಸಿಕೊಂಡ ಕರ್ಟಿಸ್ ವಿಮಾನವಿರಬೇಕೆಂದು ತಳ್ಳಿಹಾಕಿದ್ದರು. ಅದರ ಒಡಲು ಎಂಜಿನ್‌ನ ಹಿಂದೆ ಕ್ರಮೇಣ ಸಣ್ಣಗಾಗುತ್ತದೆ. ಥಂಡರ್‌ಬೋಲ್ಟ್ ಹಾಗಲ್ಲ, ಕೊನೆಯವರೆಗೂ ದಪ್ಪ, ಹೊಟ್ಟೆಯಂತೂ ಆಳವಾಗಿ ಇಳಿದಿದೆ. ಎತ್ತರದ ತೆಳುಗಾಳಿಯನ್ನು ಒತ್ತಿ ಎಂಜಿನ್‌ಗೆ ಕೊಡುವ ಟರ್ಬೋ ಯಂತ್ರವನ್ನು ಬಾಲದ ಕಡೆ ಇಟ್ಟು, ಅಲ್ಲಿಂದ ಮೂತಿಯವರೆಗೆ ಗಾಳಿಯ ಕೊಳವೆಗಳನ್ನು ಹೊಟ್ಟೆಯೊಳಗೆ ಹಾಯಿಸಿದ್ದೇ ಆ ಗಾತ್ರಕ್ಕೆ ಕಾರಣ. ಅದರ ಎಂಜಿನ್ 2000 ಕುದುರೆಶಕ್ತಿಯದಾದರೆ, ಜಿರೊ ಹೊರಿಕೋಶಿ ರೂಪಿಸಿದ ಝೀರೋದ ಆರಂಭಿಕ ಮಾದರಿಯಲ್ಲಿದ್ದದ್ದು ಸಾವಿರಕ್ಕೂ ಕಡಿಮೆ. ಅಷ್ಟರಲ್ಲೇ ಅಷ್ಟು ದೂರ ಹಾರಲು, ಅಷ್ಟು ಚುರುಕಾಗಿ ತಿರುಗಲು ಸಾಧ್ಯವಾದದ್ದು ತೂಕ ಇಳಿಸಿದ್ದರಿಂದ. ಪೈಲಟ್‌ಗೆ ಉಕ್ಕಿನ ರಕ್ಷಣೆಯೂ ಇಲ್ಲ, ಗುಂಡು ತಗುಲಿದರೆ ತಾನೇ ಮುಚ್ಚಿಕೊಳ್ಳುವ ಇಂಧನ ಟ್ಯಾಂಕೂ ಇಲ್ಲ.

ಬರ್ಮಾದ ಫೋಟೋಗಳಲ್ಲಿ ಕಾಣುವ ಜಪಾನಿ ಫೈಟರ್‌ಗಳನ್ನೆಲ್ಲ ಝೀರೋ ಎಂದು ಕರೆಯುವ ರೂಢಿ ಇದೆ. ಝೀರೋ ನೌಕಾಪಡೆಯದು, ಬರ್ಮಾದಲ್ಲಿ ನಮ್ಮವರು ಹೆಚ್ಚಾಗಿ ಎದುರಿಸಿದ್ದು ಜಪಾನಿ ಭೂಸೇನೆಯ ಹಯಬುಸಾ. ಅದರ ಒಡಲು ಇನ್ನೂ ತೆಳು, ಬಂದೂಕುಗಳಿರುವುದು ಮೂತಿಯ ಮೇಲೆ ಎರಡು ಮಾತ್ರ. ಝೀರೋದ ರೆಕ್ಕೆಗಳಲ್ಲಿ ಒಂದೊಂದು ಫಿರಂಗಿಯೂ ಇತ್ತು.

ಮುರಿದಂತೆ ಕಾಣುವ ರೆಕ್ಕೆಯವು ಎರಡು: ಜರ್ಮನಿಯ ಸ್ಟೂಕಾ, ಅಮೆರಿಕದ ಕೋರ್ಸೇರ್. ಸ್ಟೂಕಾದ ಚಕ್ರಗಳು ಹಾರುವಾಗಲೂ ಹೊರಗೇ ಇರುತ್ತವೆ, ಗಾಜಿನ ಕೆಳಗೆ ಇಬ್ಬರು ಕೂರುತ್ತಾರೆ. ಕೋರ್ಸೇರ್ ಒಂಟಿ ಪೈಲಟ್‌ನದು, ಮೂತಿ ದುಂಡು, ಕಾಕ್‌ಪಿಟ್ ತೀರ ಹಿಂದೆ. ನಾಲ್ಕು ಮೀಟರಿಗೂ ಹೆಚ್ಚು ಅಗಲದ ಪ್ರೊಪೆಲರ್ ನೆಲಕ್ಕೆ ತಾಗದಿರಲೆಂದೂ, ಚಕ್ರದ ಕಾಲುಗಳು ಗಿಡ್ಡವಾಗಿ ಗಟ್ಟಿಯಾಗಿರಲೆಂದೂ ರೆಕ್ಕೆಯನ್ನು ಬಗ್ಗಿಸಿದ್ದರು. ಎರಡು ಒಡಲಿನ ಲೈಟ್‌ನಿಂಗ್ ಬಗ್ಗೆ ಹೇಳುವ ಅಗತ್ಯವೇ ಇಲ್ಲ, ಅದನ್ನು ಒಮ್ಮೆ ಕಂಡವರು ಮರೆಯುವುದಿಲ್ಲ.

ಬಾಂಬರ್‌ಗಳು

ನಾಲ್ಕು ಎಂಜಿನ್‌ನ ಬಾಂಬರ್ ಕಂಡರೆ ಮೊದಲು ಬಾಲ ನೋಡಿ. ಇಲ್ಲಿ ಮಾತ್ರ ಕ್ರಮವನ್ನು ತಿರುಗಿಸಿದರೆ ಲಾಭವಿದೆ. ಬಾಲ ಒಂದಾದರೆ ಹೆಚ್ಚಾಗಿ ಬಿ-17 ಅಥವಾ ಬಿ-29. ಎರಡಾದರೆ ಹೆಚ್ಚಾಗಿ ಲ್ಯಾಂಕಾಸ್ಟರ್ ಅಥವಾ ಬಿ-24 ಲಿಬರೇಟರ್. ಲ್ಯಾಂಕಾಸ್ಟರ್‌ನ ರೆಕ್ಕೆ ಒಡಲಿನ ನಡುವಿನಿಂದ ಹೊರಡುತ್ತದೆ, ಎಂಜಿನ್‌ಗಳು ಸಣ್ಣ ಮೂತಿಯ ಮರ್ಲಿನ್‌ಗಳು. ಲಿಬರೇಟರ್‌ನ ಉದ್ದನೆಯ, ಕಿರಿದಾದ ರೆಕ್ಕೆ ಒಡಲಿನ ನೆತ್ತಿಯಲ್ಲಿದೆ, ಎಂಜಿನ್‌ಗಳು ದುಂಡು. ಮುನ್ನೂರರಷ್ಟು ಲ್ಯಾಂಕಾಸ್ಟರ್‌ಗಳಿಗೆ ದುಂಡು ಎಂಜಿನ್ ಹಾಕಿದ್ದುಂಟು, ಆದ್ದರಿಂದ ಅನುಮಾನ ಬಂದರೆ ರೆಕ್ಕೆಯ ಎತ್ತರವನ್ನೇ ನಂಬಬೇಕು.

ಬ್ರಿಟನ್, ಅಮೆರಿಕ ಈ ಎರಡು ದೇಶಗಳ ಬಾಂಬರ್‌ಗಳ ಆಕಾರ ಬೇರೆಯಾಗಲು ಅವರ ಯುದ್ಧನೀತಿಯೇ ಕಾರಣ. ಅಮೆರಿಕನ್ನರು ಹಗಲಿನಲ್ಲಿ, ಗುಂಪು ಕಟ್ಟಿಕೊಂಡು, ಬಂದೂಕುಗಳನ್ನು ನಂಬಿ ಹೋಗುತ್ತಿದ್ದರು. ಹಾಗಾಗಿ ಬಿ-17ರ ಜಿ ಮಾದರಿಯಲ್ಲಿ ಹತ್ತು ಜನ ಸಿಬ್ಬಂದಿ, 13 ಬಂದೂಕುಗಳು, ಗದ್ದದ ಕೆಳಗೂ ಹೊಟ್ಟೆಯ ಕೆಳಗೂ ಗುಂಡಾದ ಗೋಪುರಗಳು. ಬ್ರಿಟಿಷರು ರಾತ್ರಿಯ ಕತ್ತಲನ್ನು ನಂಬಿದ್ದರು. ಲ್ಯಾಂಕಾಸ್ಟರ್‌ನಲ್ಲಿ ಸಣ್ಣ ಗುಂಡಿನ ಎಂಟು ಬಂದೂಕುಗಳಷ್ಟೇ, ಆದರೆ ಒಡಲಿನಡಿ ಹತ್ತು ಮೀಟರ್ ಉದ್ದ ಅಡ್ಡಗೋಡೆಯೇ ಇಲ್ಲದ ಬಾಂಬ್ ಕೋಣೆ. ಆ ಉದ್ದದ ಕೋಣೆ ಇದ್ದುದರಿಂದಲೇ, ಬಾಗಿಲುಗಳನ್ನು ತೆಗೆದುಹಾಕಿ, ಹತ್ತು ಟನ್ ತೂಕದ ಬಾಂಬನ್ನೂ ಅದು ಹೊರಬಲ್ಲದ್ದಾಯಿತು. 1943ರ ಮೇ ತಿಂಗಳಲ್ಲಿ ಜರ್ಮನಿಯ ಅಣೆಕಟ್ಟುಗಳನ್ನು ಒಡೆದ ವಿಮಾನಗಳೂ ಲ್ಯಾಂಕಾಸ್ಟರ್‌ಗಳೇ.

ಬಿ-29ರ ದುಂಡು ಮೂತಿಗೂ ಕಾರಣವಿದೆ. ಆಮ್ಲಜನಕದ ಮುಖವಾಡವಿಲ್ಲದೆ ಸುಮಾರು ಒಂಬತ್ತು ಸಾವಿರ ಮೀಟರ್ ಎತ್ತರದಲ್ಲಿ ಸಿಬ್ಬಂದಿ ಕೆಲಸ ಮಾಡಬೇಕೆಂದು ಒಳಗೆ ಗಾಳಿಯ ಒತ್ತಡ ತುಂಬಿದ್ದರು, ಒತ್ತಡ ತಡೆಯಲು ಕೊಳವೆಯಾಕಾರದ ಒಡಲೇ ಸೂಕ್ತ. ಇದು ಮೊದಲು ದಾಳಿಗೆ ಹೊರಟದ್ದು ನಮ್ಮ ನೆಲದಿಂದ, ಬಂಗಾಳದ ಖರಗ್‌ಪುರದ ಸುತ್ತಲಿನ ವಿಮಾನ ನೆಲೆಗಳಿಂದ, 1944ರ ಜೂನ್ 5ರಂದು ಬ್ಯಾಂಕಾಕ್ ಮೇಲೆ. ಮುಂದೆ 1945ರ ಮಾರ್ಚ್‌ನ ಒಂದೇ ರಾತ್ರಿ ಟೋಕಿಯೋವನ್ನು ಸುಟ್ಟದ್ದೂ ಆಗಸ್ಟ್ 6 ಮತ್ತು 9ರಂದು ಹಿರೋಷಿಮಾ, ನಾಗಸಾಕಿಗಳ ಮೇಲೆ ಹೋದದ್ದೂ ಇದೇ. ಪ್ರದರ್ಶನದ ಚೀಟಿಯಲ್ಲಿ ಎಂಜಿನ್‌ನ ಕುದುರೆಶಕ್ತಿ ಬರೆಯುವವರು ಈ ಊರುಗಳ ಹೆಸರನ್ನೂ ಬರೆಯಬೇಕು, ಇಲ್ಲದಿದ್ದರೆ ಆ ಚಾರ್ಟು ಕಂಪನಿಯ ಜಾಹೀರಾತಾಗುತ್ತದೆ.

ಎರಡು ಎಂಜಿನ್‌ನವುಗಳಲ್ಲಿ ಜರ್ಮನಿಯ ಹೈಂಕೆಲ್ 111ರ ಮೂತಿ ಪೂರ್ತಿ ಗಾಜು, ಅದೂ ಒಂದು ಪಕ್ಕಕ್ಕೆ ವಾಲಿದ್ದು. ಅಮೆರಿಕದ ಬಿ-25ಕ್ಕೆ ಜೋಡಿ ಬಾಲ. 1942ರ ಏಪ್ರಿಲ್ 18ರಂದು ವಿಮಾನವಾಹಕ ಹಡಗಾದ ಹಾರ್ನೆಟ್ ಮೇಲಿಂದ ಎದ್ದು ಟೋಕಿಯೋ ಮುಟ್ಟಿದ ದಂಡಿನಲ್ಲಿದ್ದದ್ದು ಇಂಥ 16 ವಿಮಾನಗಳು. ಬ್ರಿಟಿಷರ ಮಾಸ್ಕಿಟೊ ಮರದಿಂದ ಮಾಡಿದ್ದು, ಇಬ್ಬರೇ ಅಕ್ಕಪಕ್ಕ ಕೂರುತ್ತಾರೆ, ರೇಡಿಯೇಟರ್‌ಗಳು ರೆಕ್ಕೆಯ ಮುಂದಿನ ಅಂಚಿನಲ್ಲೇ ಹುದುಗಿವೆ. ಅದರ ಬಾಂಬರ್ ಮಾದರಿಯಲ್ಲಿ ಬಂದೂಕೇ ಇಲ್ಲ, ವೇಗವೇ ಅದರ ರಕ್ಷಣೆ. ಆದರೆ 1944ರಲ್ಲಿ ಭಾರತದಲ್ಲಿದ್ದ ಮಾಸ್ಕಿಟೊಗಳ ರೆಕ್ಕೆಗಳ ಅಂಟಿನ ಜೋಡಣೆಯಲ್ಲಿ ದೋಷ ಕಂಡುಬಂದು ಹಾರಾಟ ನಿಲ್ಲಿಸಬೇಕಾಗಿ ಬಂದಿತ್ತು.

ರಟ್ಟಿನ ಆಕೃತಿಗಳನ್ನು ಮಾಡಿಕೊಳ್ಳುವುದು

1942ರಲ್ಲಿ ಅಮೆರಿಕದ ನೌಕಾಪಡೆ ತರಬೇತಿಗೆ ಬೇಕಾದ ಐದು ಲಕ್ಷ ಕಪ್ಪು ಮಾದರಿಗಳನ್ನು ಹೈಸ್ಕೂಲು ಮಕ್ಕಳಿಂದಲೇ ಮಾಡಿಸಲು ಹೊರಟಿತು. ಅದರ ಪ್ರಮಾಣ 72ರಲ್ಲಿ ಒಂದು. ನಾವೂ ಅದನ್ನೇ ಇಟ್ಟುಕೊಳ್ಳೋಣ, ಲೆಕ್ಕ ಸುಲಭ: ನಿಜವಾದ ಅಳತೆಯನ್ನು ಸೆಂಟಿಮೀಟರಿಗೆ ತಂದು 72ರಿಂದ ಭಾಗಿಸಿದರೆ ಆಯಿತು. ಸ್ಪಿಟ್‌ಫೈರ್‌ನ ರೆಕ್ಕೆಯ ಹರವು 15.6 ಸೆಂಟಿಮೀಟರ್, ಮೆಸ್ಸರ್‌ಸ್ಮಿಟ್ 109ರದು 13.8, ಝೀರೋದ್ದು 16.7, ಲ್ಯಾಂಕಾಸ್ಟರ್‌ನದು 43.2, ಲಿಬರೇಟರ್‌ನದು 46.6, ಬಿ-29ರದು 59.8 ಬರುತ್ತದೆ.

ಮೇಲಿನಿಂದ, ಪಕ್ಕದಿಂದ, ಎದುರಿನಿಂದ ಬರೆದ ಮೂರು ನೋಟಗಳ ರೇಖಾಚಿತ್ರವನ್ನು ಮೊದಲು ಹುಡುಕಿಕೊಳ್ಳಿ. ಅದರಲ್ಲಿ ರೆಕ್ಕೆಯ ಹರವನ್ನು ಸ್ಕೇಲಿನಿಂದ ಅಳೆಯಿರಿ. ಸ್ಪಿಟ್‌ಫೈರ್ 9 ಸೆಂಟಿಮೀಟರ್ ಇದ್ದರೆ 15.6ನ್ನು 9ರಿಂದ ಭಾಗಿಸಿ, ಜೆರಾಕ್ಸ್ ಅಂಗಡಿಯಲ್ಲಿ 173 ಪರ್ಸೆಂಟ್‌ಗೆ ದೊಡ್ಡದು ಮಾಡಿಕೊಡಿ ಎಂದು ಕೇಳಿ. ಒಂದೇ ಹಾಳೆಯ ಮೂರೂ ನೋಟಗಳಿಗೆ ಅದೇ ಪರ್ಸೆಂಟ್ ಇರಬೇಕು. ಎ3 ಹಾಳೆಯ ಉದ್ದ 42 ಸೆಂಟಿಮೀಟರ್ ಆದ್ದರಿಂದ ದೊಡ್ಡ ಬಾಂಬರ್‌ಗಳನ್ನು ಎಡ ಬಲ ಎಂದು ಎರಡು ಹಾಳೆಗಳಲ್ಲಿ ತೆಗೆಸಿ ಒಡಲಿನ ನಡುಗೆರೆಯಲ್ಲಿ ಜೋಡಿಸಬೇಕು. ಮಂಡಿಪೇಟೆಯ ಅಂಗಡಿಗಳ ಮುಂದೆ ಸಿಗುವ ಖಾಲಿ ಪೆಟ್ಟಿಗೆಗಳ ರಟ್ಟು ಬಾಂಬರ್‌ಗೆ ಸಾಕು. ಫೈಟರ್‌ಗಳ ಸಣ್ಣ ಬಾಗುಗಳನ್ನು ಆ ಪದರದ ರಟ್ಟಿನಲ್ಲಿ ಕತ್ತರಿಸಿದರೆ ಅಂಚು ಜಜ್ಜಿಹೋಗುತ್ತದೆ, ಅವಕ್ಕೆ ನೋಟ್‌ಬುಕ್ ಹೊದಿಕೆಯ ಗಟ್ಟಿ ರಟ್ಟು ಬೇಕು. ಎರಡೂ ಬದಿಗೆ ಕಪ್ಪು ಬಳಿಯಿರಿ, ಹೆಸರನ್ನು ಹಿಂಬದಿಯಲ್ಲಿ ಪೆನ್ಸಿಲ್‌ನಲ್ಲಿ ಬರೆಯಿರಿ, ದಾರ ಕಟ್ಟಿ ತೂಗುಹಾಕಿ. ಹತ್ತು ಮೀಟರ್ ದೂರದಿಂದ ನೋಡಿದರೆ ನಿಜವಾದ ವಿಮಾನವನ್ನು 720 ಮೀಟರ್ ದೂರದಿಂದ ನೋಡಿದಷ್ಟೇ ಗಾತ್ರ ಕಾಣುತ್ತದೆ. ಶಾಲೆಯ ವರಾಂಡ ಇದಕ್ಕೆ ಹೇಳಿ ಮಾಡಿಸಿದ ಜಾಗ.

ನಿಜವಾದ ಗಾತ್ರದ ಅಂದಾಜು ಬರಬೇಕಾದರೆ ಮೈದಾನಕ್ಕೆ ಹೋಗಬೇಕು. ಗಂಡಸರ ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಅದರಲ್ಲಿ 11.2 ಮೀಟರ್ ಹರವಿನ, 9.1 ಮೀಟರ್ ಉದ್ದದ ಸ್ಪಿಟ್‌ಫೈರ್ ಇಡಿಯಾಗಿ ಹಿಡಿಸುತ್ತದೆ. ಸುಣ್ಣದ ಪುಡಿಯಿಂದ ಅಂಕಣದೊಳಗೆ ಅದನ್ನು ಬರೆದು, ಪೈಲಟ್ ಕೂರುವ ಜಾಗದಲ್ಲಿ ಒಬ್ಬ ಹುಡುಗನನ್ನು ಕೂರಿಸಿ. ಜರ್ಮನಿಯ ಯುಂಕರ್ಸ್ 88 ಬಾಂಬರ್‌ನ ಹರವು 20.08 ಮೀಟರ್, ಕ್ರಿಕೆಟ್ ಪಿಚ್‌ನ ಉದ್ದ 20.12. ಬಿ-29ಕ್ಕೆ ಎರಡು ಪಿಚ್ ಉದ್ದಕ್ಕೆ ಜೋಡಿಸಿದರೂ ಸಾಲದು. ದಾವಣಗೆರೆಯ ಹೈಸ್ಕೂಲ್ ಮೈದಾನದಂಥ ಬಯಲಿನಲ್ಲಿ ಸ್ಪಿಟ್‌ಫೈರ್, ಬಿ-29 ಎರಡನ್ನೂ ಅಕ್ಕಪಕ್ಕ ಬರೆದರೆ ಅಂಕಿ ಅಂಶಗಳ ಪಟ್ಟಿ ಬೇಕಾಗುವುದಿಲ್ಲ.

ವೇಗವಾಗಿ ಗುರುತಿಸುವ ಅಭ್ಯಾಸ

ಭಾಗ ಭಾಗವಾಗಿ ನೋಡುವ ಕ್ರಮಕ್ಕೆ ಒಂದು ಮಿತಿ ಇದೆ: ಆಕಾಶದ ವಿಮಾನ ಅಷ್ಟು ಹೊತ್ತು ಕಾಯುವುದಿಲ್ಲ. ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಸ್ಯಾಮ್ಯುಯೆಲ್ ರೆನ್‌ಷಾ ಅಮೆರಿಕದ ನೌಕಾಪಡೆಗೆ ಬೇರೆ ದಾರಿ ತೋರಿಸಿದರು. ಪರದೆಯ ಮೇಲೆ ಚಿತ್ರವನ್ನು ಸೆಕೆಂಡಿನ ಸಣ್ಣ ಭಾಗದಷ್ಟು ಕಾಲ ಮಿನುಗಿಸಿ, ಇಡೀ ಆಕಾರವನ್ನು ಒಂದೇ ಬಾರಿಗೆ ಹಿಡಿಯಲು ಕಣ್ಣನ್ನು ತಯಾರು ಮಾಡುವ ಪದ್ಧತಿ ಅದು. ನನ್ನ ಮಟ್ಟಿಗೆ ಎರಡೂ ಬೇಕು: ಮೊದಲು ಭಾಗಗಳು, ಅವು ಗಟ್ಟಿಯಾದ ಮೇಲೆ ಮಿನುಗು. ರಟ್ಟಿನ ಆಕೃತಿಯನ್ನು ಮೇಜಿನ ಹಿಂದಿನಿಂದ ಎತ್ತಿ ಎರಡು ಎಣಿಸುವಷ್ಟರಲ್ಲಿ ಇಳಿಸಿ, ಮಕ್ಕಳು ಹೆಸರನ್ನು ಬರೆಯಲಿ, ಕೂಗಬಾರದು. ಕೂಗಿದರೆ ಒಬ್ಬ ಹೇಳಿದ್ದನ್ನೇ ಎಲ್ಲರೂ ಹೇಳುತ್ತಾರೆ. ಪ್ರತಿ ಸಲ ಆಕೃತಿಯನ್ನು ಬೇರೆ ಕೋನದಲ್ಲಿ ಓರೆಯಾಗಿ ಹಿಡಿಯಿರಿ. ತಪ್ಪು ಹೇಳಿದವರಿಗೆ ಸರಿ ಹೆಸರು ಹೇಳುವ ಬದಲು ಜೋಡಿಯ ಇನ್ನೊಂದನ್ನು ಪಕ್ಕದಲ್ಲಿ ಹಿಡಿದು ತೋರಿಸಿ.

ಫೋಟೋ ಸಿಕ್ಕಾಗ

ಮೊಬೈಲ್‌ನಲ್ಲಿ ಹರಿದಾಡುವ ಚಿತ್ರಗಳ ಕೆಳಗಿನ ಹೆಸರನ್ನು ಕೈಯಿಂದ ಮುಚ್ಚಿಕೊಂಡು ನೋಡುವುದು ಒಳ್ಳೆಯದು. ಈಗ ಕಂಪ್ಯೂಟರ್ ತಾನೇ ಸೃಷ್ಟಿಸಿದ ಚಿತ್ರಗಳೂ ಸೇರಿಕೊಂಡಿರುವುದರಿಂದ ಪ್ರೊಪೆಲರ್‌ನ ಅಲಗುಗಳನ್ನು ಎಣಿಸುವ ಅಭ್ಯಾಸ ಹೊಸದಾಗಿ ಉಪಯೋಗಕ್ಕೆ ಬರುತ್ತಿದೆ. ಬಿ-17, ಲಿಬರೇಟರ್, ಝೀರೋ, 109 ಇವುಗಳಿಗೆ ಮೂರು ಅಲಗು. ಬಿ-29ಕ್ಕೆ, ಥಂಡರ್‌ಬೋಲ್ಟ್‌ಗೆ, ಮಸ್ಟ್ಯಾಂಗ್‌ನ ಡಿ ಮಾದರಿಗೆ ನಾಲ್ಕು. ಸ್ಪಿಟ್‌ಫೈರ್‌ನಲ್ಲಿ ಎಂಜಿನ್‌ನ ಶಕ್ತಿ ಹೆಚ್ಚಿದಂತೆ ಅಲಗೂ ಹೆಚ್ಚುತ್ತಾ ಹೋಯಿತು: ಮಾರ್ಕ್ 5ರಲ್ಲಿ ಮೂರು, ಮಾರ್ಕ್ 9ರಲ್ಲಿ ನಾಲ್ಕು, ಮಾರ್ಕ್ 14ರಲ್ಲಿ ಐದು. ಒಂದೇ ವಿಮಾನದ ಎರಡು ಎಂಜಿನ್‌ಗಳಲ್ಲಿ ಅಲಗಿನ ಎಣಿಕೆ ಬೇರೆ ಬೇರೆ ಕಂಡರೆ, ಅಥವಾ ಎಡಗಡೆಯ ಚಕ್ರಕ್ಕೆ ಬಾಗಿಲಿದ್ದು ಬಲಗಡೆಯದಕ್ಕೆ ಇಲ್ಲದಿದ್ದರೆ ಆ ಚಿತ್ರವನ್ನು ಪ್ರದರ್ಶನಕ್ಕೆ ಬಳಸಬೇಡಿ.

ನಿಜವಾದ ವಿಮಾನ ನೋಡಬೇಕೆಂದರೆ ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯ ನಮಗೆ ಹತ್ತಿರ, ಆದರೆ ಅಲ್ಲಿರುವವು ಹೆಚ್ಚಾಗಿ ಯುದ್ಧಾನಂತರದವು. ಯುದ್ಧಕಾಲದವುಗಳಿಗೆ ದೆಹಲಿಯ ಪಾಲಂನಲ್ಲಿರುವ ವಾಯುಪಡೆಯ ವಸ್ತುಸಂಗ್ರಹಾಲಯಕ್ಕೇ ಹೋಗಬೇಕು. ಸ್ಪಿಟ್‌ಫೈರ್, ಹರಿಕೇನ್, ಲಿಬರೇಟರ್ ಮೂರೂ ಅಲ್ಲಿವೆ. ಲಿಬರೇಟರ್‌ಗೂ ನಮ್ಮ ರಾಜ್ಯಕ್ಕೂ ನಂಟಿದೆ. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಮತ್ತೆ ಹಾರದಂತೆ ಕೆಡಿಸಿ ಬಿಟ್ಟುಹೋಗಿದ್ದ ಈ ಬಾಂಬರ್‌ಗಳಲ್ಲಿ ನಲವತ್ತರಷ್ಟನ್ನು ಎಚ್‌ಎಎಲ್‌ನವರು ರಿಪೇರಿ ಮಾಡಿ ಬೆಂಗಳೂರಿಗೆ ಹಾರಿಸಿಕೊಂಡು ಬಂದು ಸಜ್ಜುಗೊಳಿಸಿದರು, ಅವು 1968ರವರೆಗೆ ನಮ್ಮ ವಾಯುಪಡೆಯಲ್ಲಿ ಕೆಲಸ ಮಾಡಿದವು. ಅದರ ಮುಂದೆ ನಿಂತಾಗ ನೆತ್ತಿಯ ರೆಕ್ಕೆ, ಜೋಡಿ ಬಾಲಗಳನ್ನು ದೂರದಿಂದಲೇ ನೋಡಿ ಮುಗಿಸಿ, ಆಮೇಲೆ ಹೊಟ್ಟೆಯ ಪಕ್ಕಕ್ಕೆ ಬಾಗಿ ನೋಡಿ: ಬಾಂಬ್ ಕೋಣೆಯ ಬಾಗಿಲುಗಳು ಕೆಳಕ್ಕೆ ತೆರೆದುಕೊಳ್ಳದೆ, ಅಂಗಡಿಯ ರೋಲಿಂಗ್ ಶಟರ್‌ನಂತೆ ಒಡಲಿನ ಹೊರಮೈಗುಂಟ ಮೇಲಕ್ಕೆ ಸರಿಯುವ ಹಾಗೆ ಅವುಗಳನ್ನು ಮಾಡಿದ್ದಾರೆ. ಬಾಗಿಲು ತೆರೆದಾಗ ಗಾಳಿಯ ತಡೆ ಹೆಚ್ಚಬಾರದೆಂಬುದೇ ಅದರ ಉದ್ದೇಶ.